ಬುಲ್ಸ್ ಈ ಸಲ ಹಿಡೀತಾರೆ ಸರಿ, ದಾಳಿಗೆ ಹೋಗೋರು ಯಾರು?

ಇದು 2025ರ ಗೌರಿ-ಗಣೇಶ ಹಬ್ಬದ ವಾರ. ಹಬ್ಬ ಕಳೆದು ಎರಡು ದಿನಕ್ಕೆ, ಆಗಸ್ಟ್ 29ರ ಶುಕ್ರವಾರ ರಾತ್ರಿ, ಪ್ರೊ ಕಬಡ್ಡಿಯ 12ನೇ ಸೀಸನ್ ವಿಶಾಖಪಟ್ಟಣದಲ್ಲಿ ಶುರುವಾಗುತ್ತೆ. ಮೊದಲ ದಿನವೇ ನಮ್ಮ ಬೆಂಗಳೂರು ಬುಲ್ಸ್‌ಗೆ ಪುಣೇರಿ ಪಲ್ಟನ್ ಜೊತೆ ಪಂದ್ಯ ಇದೆ. ಹೊಸದುರ್ಗದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಮೊನ್ನೆ ಇದನ್ನೇ ಹೇಳಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಹಳೇ ಗೆಳೆಯ, ಅವನೂ ಒಂದು ಕಾಲಕ್ಕೆ ನಮ್ಮೂರ ತಂಡದಲ್ಲಿ ಎಡ ಮೂಲೆ ಹಿಡಿಯುತ್ತಿದ್ದವನು, ಗ್ಲಾಸು ಕೆಳಗಿಟ್ಟು ಹೇಳಿದ: 'ಹೋದ ವರ್ಷ ಆದ ಮರ್ವಾದೆ ಸಾಕಾಗಿಲ್ವೇನಲೇ ನಿಂಗೆ?'

ಅವನು ಹೇಳಿದ್ದು ಸುಳ್ಳಲ್ಲ. ಹೋದ ಸೀಸನ್ನಿನಲ್ಲಿ ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು 2. ಸೋತದ್ದು 19, ಒಂದು ಸಮ ಆಯಿತು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಚಿತ್ರದುರ್ಗದಿಂದ ಸುದ್ದಿ ಮುಗಿಸಿಕೊಂಡು ಊರಿಗೆ ಬರುವಾಗ ಬಸ್ಸಿನಲ್ಲೇ ಮೊಬೈಲ್ ಹಿಡಿದು ನೋಡುತ್ತಿದ್ದೆ. ಹೊಳಲ್ಕೆರೆ ದಾಟುವ ಹೊತ್ತಿಗೆ ಒಂದು ಆಲ್‌ಔಟ್ ಆಗಿರುತ್ತಿತ್ತು, ಹೊಸದುರ್ಗ ಬರುವ ಹೊತ್ತಿಗೆ ಎರಡನೇದು. ಕೊನೆಕೊನೆಗೆ ಸಿಗ್ನಲ್ ಸಿಗದಿದ್ದರೇ ವಾಸಿ ಅನ್ನಿಸುತ್ತಿತ್ತು.

ಆದರೂ ಈ ಸಲದ ತಂಡದ ಮೇಲೆ ನನಗೆ ಆಸೆ ಇದೆ. ಯಾಕೆ ಇದೆ, ಎಷ್ಟು ಇದೆ, ಎಲ್ಲಿ ಇಲ್ಲ ಅನ್ನೋದನ್ನ ಹೇಳೋಕೆ ಕೂತಿದ್ದೇನೆ.

ಹರಾಜು ನಡೆದದ್ದು ಮೇ 31 ಮತ್ತು ಜೂನ್ 1ಕ್ಕೆ, ಮುಂಬೈಯಲ್ಲಿ. ನಮ್ಮ ಕಡೆ ಯಾರೂ ಅದನ್ನ ಗಮನಿಸಿದ ಹಾಗೆ ಕಾಣಲಿಲ್ಲ. ಆಗ ಎಲ್ಲರ ಕಣ್ಣು ಆರ್‌ಸಿಬಿ ಮೇಲಿತ್ತು. ಜೂನ್ 3ಕ್ಕೆ ಕಪ್ ಬಂತು, ಜೂನ್ 4ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆ ವಾರ ಕಬಡ್ಡಿಯ ಮಾತು ಆಡುವ ಮನಸ್ಸು ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹಾಗಾಗಿ ಬುಲ್ಸ್ ಯಾರನ್ನ ತಗೊಂಡಿತು, ಯಾರನ್ನ ಬಿಟ್ಟಿತು ಅನ್ನೋದು ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಬಿಟ್ಟವರ ವಿಷಯ. ಹೋದ ಸಲ ತಂಡ ಕಟ್ಟಿದ್ದು ಹೆಸರಿನ ಮೇಲೆ. ಪರದೀಪ್ ನರ್ವಾಲ್ ವಾಪಸ್ ಬಂದ ಅಂತ ನಾವೆಲ್ಲ ಕುಣಿದಾಡಿದ್ದೆವು. ಪ್ರೊ ಕಬಡ್ಡಿಯಲ್ಲಿ ಅವನ ಆಟ ಶುರುವಾದದ್ದೇ ಬುಲ್ಸ್‌ನಿಂದ, 2015ರಲ್ಲಿ. ಪಟ್ನಾಕ್ಕೆ ಹೋಗಿ ದೊಡ್ಡವನಾದ. 1800ಕ್ಕೂ ಹೆಚ್ಚು ದಾಳಿ ಅಂಕ ಗಳಿಸಿದವನು ಈ ಲೀಗಿನಲ್ಲಿ ಇನ್ನೊಬ್ಬನಿಲ್ಲ. ಆದರೆ ನಾವು ಕೊಂಡದ್ದು 2017ರ ಪರದೀಪನನ್ನಲ್ಲ, 2024ರ ಪರದೀಪನನ್ನ. ಆ ಡುಬ್ಕಿ ಹೊಡೆಯೋಕೆ ಬೇಕಾದ ಸೊಂಟ, ಮೊಣಕಾಲು ಮೊದಲಿನ ಹಾಗೆ ಉಳಿದಿರಲಿಲ್ಲ. ಅಜಿಂಕ್ಯ ಪವಾರ್‌ಗೆ 1 ಕೋಟಿ 10 ಲಕ್ಷ ಮೀರಿ ಸುರಿದರು, ಅದೂ ಕೆಲಸಕ್ಕೆ ಬರಲಿಲ್ಲ. ಈ ಸಲದ ಹರಾಜಿನಲ್ಲಿ ಪರದೀಪನನ್ನ ಯಾವ ತಂಡವೂ ಕೇಳಲಿಲ್ಲ. ಅವನು ಆಟಕ್ಕೆ ವಿದಾಯ ಹೇಳಿಬಿಟ್ಟ. ನನಗೆ ಬೇಜಾರಾಯಿತು. ಇಂಥ ಆಟಗಾರ ಹೋಗಬೇಕಾದದ್ದು ಅಂಕಣದಿಂದ, ಹರಾಜಿನ ಪಟ್ಟಿಯಿಂದಲ್ಲ.

ಸೌರಭ್ ನಂದಲ್ ಹೋದದ್ದು ಮಾತ್ರ ನನಗೆ ಇವತ್ತಿಗೂ ನುಂಗೋಕೆ ಆಗಿಲ್ಲ. ಬುಲ್ಸ್‌ನಲ್ಲೇ ಬೆಳೆದ ಹುಡುಗ, ನಾಯಕನೂ ಆಗಿದ್ದ. ಈಗ ದಬಾಂಗ್ ಡೆಲ್ಲಿ ಪಾಲಾಗಿದ್ದಾನೆ.

ಇನ್ನು ಬಂದವರು. ಈ ಸಲದ ದೊಡ್ಡ ಖರ್ಚು ಹಿಡಿಯೋರ ಮೇಲೆ. ಡೆಲ್ಲಿಯಲ್ಲಿದ್ದ ಯೋಗೇಶ್ ದಹಿಯಾನಿಗೆ 1 ಕೋಟಿ 12 ಲಕ್ಷದ 50 ಸಾವಿರ. ಬಲ ಮೂಲೆಯ ಹುಡುಗ, ವಯಸ್ಸು ಚಿಕ್ಕದು, ಎದುರಾಳಿಯ ಕಾಲು ಸಿಕ್ಕರೆ ಬಿಡೋನಲ್ಲ. ಎಡ ಮೂಲೆಗೆ ಅಂಕುಶ್ ರಾಠಿ, 90 ಲಕ್ಷದ ಆಸುಪಾಸು. ಇವನು ಜೈಪುರದ ಪರ ಆಡಿ 9ನೇ ಸೀಸನ್ನಿನಲ್ಲಿ 89 ಟ್ಯಾಕಲ್ ಅಂಕ ತಗೊಂಡವನು. ಆ ಸೀಸನ್ನಿನಲ್ಲಿ ಅದೇ ಎಲ್ಲರಿಗಿಂತ ಹೆಚ್ಚು, ಜೈಪುರ ಕಪ್ ಎತ್ತಿದ ವರ್ಷ ಅದು. ಹೋದ ಸಲ ಕಪ್ ಗೆದ್ದ ಹರಿಯಾಣ ಸ್ಟೀಲರ್ಸ್‌ನ ಸಂಜಯ್ ಬಲ ಕವರ್‌ಗೆ ಬಂದಿದ್ದಾನೆ.

ಎರಡು ಮೂಲೆ ಗಟ್ಟಿ, ಒಂದು ಕವರ್ ಗಟ್ಟಿ. ಕಬಡ್ಡಿ ಆಡಿದವರಿಗೆ ಇದರ ಬೆಲೆ ಗೊತ್ತು. ಮೂಲೆಯವರು ಇಬ್ಬರೂ ಹೆದರದಿದ್ದರೆ ದಾಳಿಗೆ ಬಂದವನು ಬೋನಸ್ ಗೆರೆ ಕಡೆ ಕಾಲು ಚಾಚೋಕೇ ಎರಡು ಸಲ ಯೋಚಿಸುತ್ತಾನೆ. ಮೂವತ್ತು ಸೆಕೆಂಡು ಅಲ್ಲೇ ಅಡ್ಡಾಡಿ ವಾಪಸ್ ಹೋಗುತ್ತಾನೆ. ಹಾಗೆ ಎರಡು ಖಾಲಿ ದಾಳಿ ಆದರೆ ಮೂರನೇದು ಮಾಡು ಇಲ್ಲವೇ ಮಡಿ. ಆಗ ಅವನೇ ಬಲೆಗೆ ಬಂದು ಬೀಳಬೇಕು. ಹೋದ ಸಲ ನಮ್ಮ ಕಡೆ ಹೀಗೆ ಕಾಯುವ ತಾಳ್ಮೆಯೇ ಇರಲಿಲ್ಲ. ಮೊದಲ ಸೆಕೆಂಡಿಗೇ ಹಾರಿ ಹೋಗಿ ಅಂಕ ಕೊಟ್ಟು ಬರುತ್ತಿದ್ದರು.

ತಾಳ್ಮೆ ಅಂದಾಗ ಬಿ.ಸಿ. ರಮೇಶ್ ಹೆಸರು ಬರಬೇಕು. ನನ್ನ ಮಟ್ಟಿಗೆ ಈ ಸಲದ ಒಳ್ಳೆ ಖರೀದಿ ಆಟಗಾರ ಅಲ್ಲ, ಕೋಚ್. ಮೊದಲ ಸೀಸನ್ನಿನಿಂದ ಹನ್ನೊಂದನೇ ಸೀಸನ್ನಿನ ತನಕ ಬುಲ್ಸ್ ಅಂದರೆ ರಣಧೀರ್ ಸಿಂಗ್ ಸೆಹ್ರಾವತ್. ಅವರು ಕಪ್ ಕೊಟ್ಟವರು, ಪವನ್ ಸೆಹ್ರಾವತ್‌ನಂಥವನನ್ನ ಬೆಳೆಸಿದವರು, ಅದನ್ನ ಮರೆಯಬಾರದು. ಆದರೆ ಹನ್ನೊಂದು ಸೀಸನ್ ಒಬ್ಬರೇ ಒಂದು ತಂಡವನ್ನ ಹಿಡಿದರೆ ಹೊಲಕ್ಕೆ ವರ್ಷಾ ವರ್ಷ ಶೇಂಗಾವನ್ನೇ ಹಾಕಿದ ಹಾಗೆ, ಇಳುವರಿ ಬೀಳುತ್ತೆ. ಈಗ ಬಂದಿರುವ ರಮೇಶ್ ಕನ್ನಡಿಗರು, ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಾಗ ಕೋಚ್ ಇವರೇ. 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ಗೆದ್ದಾಗಲೂ ಇವರೇ. ನಮ್ಮ ಬುಲ್ಸ್ ಗೆದ್ದ 6ನೇ ಸೀಸನ್ನಿನಲ್ಲೂ ತರಬೇತಿ ಬಳಗದಲ್ಲಿದ್ದರು. ಅಂದರೆ ಮೂರು ಕಪ್ಪಿನ ಹಿಂದೆ ಇವರ ಕೈ ಇದೆ. ಬೇರೆ ರಾಜ್ಯದವರ ಮನೆಯಲ್ಲಿ ಎರಡು ಸಲ ದೀಪ ಹಚ್ಚಿದ ಮೇಲೆ ನಮ್ಮ ಮನೆಗೆ ಕರೆದಿದ್ದೇವೆ. ಇರಲಿ, ಕರೆದೆವಲ್ಲ.

ಪುಣೆಯಲ್ಲಿ ಅವರು ಮಾಡಿದ್ದೇನು ಅಂತ ನೋಡಿದರೆ ಇಲ್ಲಿ ಏನು ಮಾಡಬಹುದು ಅಂತ ಗೊತ್ತಾಗುತ್ತೆ. ಅಲ್ಲಿ ಒಬ್ಬ ಹೀರೋ ಇರಲಿಲ್ಲ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂದೆ ಅಂತ ಹುಡುಗರು ಸರದಿಯ ಮೇಲೆ ದಾಳಿಗೆ ಹೋಗುತ್ತಿದ್ದರು. ಒಬ್ಬ ಔಟಾದರೆ ಇನ್ನೊಬ್ಬ. ಎದುರಾಳಿಗೆ ಯಾರನ್ನ ಗುರಿ ಇಟ್ಟು ಹಿಡಿಯಬೇಕು ಅನ್ನೋದೇ ತಿಳಿಯುತ್ತಿರಲಿಲ್ಲ. ಆ ಆಕಾಶ್ ಶಿಂದೆಯನ್ನ 53 ಲಕ್ಷ ಚಿಲ್ಲರೆ ಕೊಟ್ಟು ಬೆಂಗಳೂರಿಗೆ ತಂದಿದ್ದಾರೆ. ಕೋಚ್ ತನ್ನ ಕೈಯಲ್ಲಿ ಪಳಗಿದ ಹುಡುಗನನ್ನ ಜೊತೆಗೇ ಕರಕೊಂಡು ಬಂದ ಹಾಗೆ. ಇದು ಸರಿಯಾದ ಲೆಕ್ಕ.

ಆದರೆ ನನ್ನ ತಕರಾರು ಇರೋದೂ ಇಲ್ಲೇ.

ಪುಣೆಯಲ್ಲಿ ಆಕಾಶ್ ನಾಲ್ವರಲ್ಲಿ ಒಬ್ಬ. ಇಲ್ಲಿ ಅವನೇ ಮೊದಲನೆಯವನು. ನಾಲ್ಕು ಎತ್ತಿನ ಬಂಡಿಯಲ್ಲಿ ಚೆನ್ನಾಗಿ ಎಳೆದ ಎತ್ತು ಒಂಟಿ ನೊಗಕ್ಕೂ ಹಾಗೇ ಎಳೆಯುತ್ತೆ ಅಂತ ಹೇಳೋಕೆ ಬರೋಲ್ಲ. ಅವನ ಹಿಂದೆ ಯಾರಿದ್ದಾರೆ? ಆಶಿಶ್ ಮಲಿಕ್ ಇದ್ದಾನೆ. ಇರಾನಿನ ಅಲಿರೇಜಾ ಮಿರ್ಜಾಯಿಯನ್ ಇದ್ದಾನೆ. ಇವನ ಆಟ ನಾನು ಅಲ್ಲಿ ಇಲ್ಲಿ ಮೊಬೈಲ್ ತುಣುಕಿನಲ್ಲಿ ನೋಡಿದ್ದೇನೆ, ಕಾಲು ಉದ್ದ, ಮೈಯಲ್ಲಿ ಬಲ ಇದೆ. ಈ ಲೀಗಿನಲ್ಲಿ ಇರಾನಿನವರು ಹೆಸರು ಮಾಡಿದ್ದು ಹೆಚ್ಚಾಗಿ ಹಿಡಿಯೋದರಲ್ಲಿ, ಫಜಲ್, ಶಾದ್ಲೂಯಿ ಹಾಗೆ. ದಾಳಿಗೆ ಬರುವ ಇರಾನಿ ನಮ್ಮ ಹುಡುಗರಿಗೆ ಹೊಸಬ, ಹೇಗೆ ಹಿಡಿಯಬೇಕು ಅಂತ ಎದುರಾಳಿಗಳಿಗೆ ತಿಳಿಯೋಕೆ ನಾಲ್ಕಾರು ಪಂದ್ಯ ಬೇಕು. ಅಷ್ಟರಲ್ಲಿ ಇವನು ಲಾಭ ಮಾಡಿಕೊಳ್ಳಬೇಕು. ನನ್ನ ಕಣ್ಣು ಇವನ ಮೇಲೇ ಇದೆ, ಆಕಾಶನಿಗಿಂತ ಒಂದು ಕೈ ಹೆಚ್ಚಾಗಿ.

ಬೇರೆಯವರ ಪಟ್ಟಿ ಪಕ್ಕಕ್ಕಿಟ್ಟು ನೋಡಿ. ಅರ್ಜುನ್ ದೇಶ್ವಾಲ್‌ಗೆ ತಮಿಳ್ ತಲೈವಾಸ್ 1 ಕೋಟಿ 40 ಲಕ್ಷ ಕೊಟ್ಟಿತು. ದೇವಾಂಕ್‌ಗೆ ಬೆಂಗಾಲ್ 2 ಕೋಟಿ 20 ಲಕ್ಷ ಮೀರಿ ಹೋಯಿತು. ಅಶು ಮಲಿಕ್‌ನನ್ನ ಡೆಲ್ಲಿ 1 ಕೋಟಿ 90 ಲಕ್ಷಕ್ಕೆ ಉಳಿಸಿಕೊಂಡಿತು. ಒಂದು ತಂಡಕ್ಕೆ ಖರ್ಚು ಮಾಡೋಕೆ ಇರೋದೇ 5 ಕೋಟಿ, ಎಲ್ಲ ಕಡೆ ಸುರಿಯೋಕೆ ಆಗೋಲ್ಲ ಅನ್ನೋದು ನನಗೂ ಗೊತ್ತು. ಅದರಲ್ಲಿ 2 ಕೋಟಿ ಎರಡು ಮೂಲೆಗೇ ಹೋದ ಮೇಲೆ ದಾಳಿಗೆ ಉಳಿದದ್ದು ಅಷ್ಟೇ. ಆದರೂ ಒಬ್ಬ ಅನುಭವದ ರೈಡರ್, ಮಾಡು ಇಲ್ಲವೇ ಮಡಿಗೆ ಅಂತಲೇ ಒಬ್ಬ, ಬೇಕಿತ್ತು. ಅವನಿಲ್ಲ.

ಇದು ಯಾಕೆ ದೊಡ್ಡ ವಿಷಯ ಅಂದರೆ ಈ ಸಲ ಲೀಗಿನ ನಿಯಮವೇ ಬದಲಾಗಿದೆ. ಇದನ್ನ ಸ್ವಲ್ಪ ನಿಧಾನ ಓದಿ, ಟೀ ಅಂಗಡಿಯಲ್ಲಿ ವಾದ ಮಾಡೋಕೆ ಬೇಕಾಗುತ್ತೆ.

ಇಷ್ಟು ದಿನ ಗೆದ್ದರೆ 5 ಅಂಕ, ಸಮ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ 1 ಅಂಕ ಸಿಗುತ್ತಿತ್ತು. ಹಿಡಿಯೋದರಲ್ಲಿ ಗಟ್ಟಿ, ದಾಳಿಯಲ್ಲಿ ಸಾಧಾರಣ ಇರುವ ತಂಡಕ್ಕೆ ಈ ಲೆಕ್ಕ ಅನುಕೂಲ. ಅಂಥ ತಂಡ ದೊಡ್ಡದಾಗಿ ಸೋಲೋಲ್ಲ. 28-30, 26-31 ಅಂತ ಸೋತು ಒಂದೊಂದೇ ಅಂಕ ಕೂಡಿಹಾಕಿಕೊಂಡು ಕೊನೆಗೆ ಆರನೇ ಸ್ಥಾನಕ್ಕೆ ಬಂದು ಕೂರುತ್ತಿತ್ತು. ಈ ಸಲ ಆ ಚಿಲ್ಲರೆ ಇಲ್ಲ. ಗೆದ್ದರೆ 2, ಸೋತರೆ ಸೊನ್ನೆ. ಒಂದು ಅಂಕದಿಂದ ಸೋತರೂ ಸೊನ್ನೆ, ಮೂವತ್ತರಿಂದ ಸೋತರೂ ಸೊನ್ನೆ.

ಸಮ ಅನ್ನೋದೂ ಈಗ ಇಲ್ಲ. ಸ್ಕೋರು ಸಮ ಆದರೆ ಟೈ ಬ್ರೇಕರ್. ಎರಡೂ ಕಡೆಯಿಂದ ಐದೈದು ದಾಳಿ, ಐದಕ್ಕೂ ಬೇರೆ ಬೇರೆ ಆಟಗಾರ ಹೋಗಬೇಕು. ಐದು ಜನ! ನಮ್ಮಲ್ಲಿ ಧೈರ್ಯವಾಗಿ ಕಳಿಸೋಕೆ ಆಗೋರು ಎರಡು, ಬಹಳ ಅಂದರೆ ಮೂರು. ನಾಲ್ಕನೇ, ಐದನೇ ದಾಳಿಗೆ ಮೂಲೆಯಲ್ಲಿ ನಿಲ್ಲುವವನನ್ನೋ ಬೆಂಚಿನ ಹುಡುಗನನ್ನೋ ಕಳಿಸಬೇಕು. ಹಿಡಿಯೋ ತಂಡದ ಪಂದ್ಯಗಳು ಯಾವಾಗಲೂ ಹತ್ತಿರ ಹತ್ತಿರ ಮುಗಿಯುತ್ತವೆ. ಅಂದರೆ ಟೈ ಬ್ರೇಕರಿಗೆ ಹೋಗುವ ಸಂಭವ ಬೇರೆಯವರಿಗಿಂತ ನಮಗೇ ಹೆಚ್ಚು, ಅಲ್ಲಿ ಸೋಲುವ ಸಂಭವವೂ ನಮಗೇ ಹೆಚ್ಚು. ಹರಾಜು ನಡೆದದ್ದು ಜೂನ್‌ನಲ್ಲಿ, ಈ ನಿಯಮ ಹೊರಗೆ ಬಂದದ್ದು ಈ ತಿಂಗಳು. ಬಿತ್ತಿದ ಮೇಲೆ ಮಳೆ ದಿಕ್ಕು ಬದಲಿಸಿದ ಹಾಗಾಗಿದೆ.

ಒಂದು ಸಮಾಧಾನ: ಲೀಗಿನಲ್ಲಿ ಪ್ರತಿ ತಂಡಕ್ಕೆ 18 ಪಂದ್ಯ, ಮೊದಲ ಎಂಟು ತಂಡಗಳಿಗೆ ಮುಂದಿನ ಹಂತಕ್ಕೆ ದಾರಿ ಇದೆ. ಮೊದಲಿನ ಹಾಗೆ ಆರೇ ಅಲ್ಲ. ಐದರಿಂದ ಎಂಟರವರೆಗಿನವರು ಪ್ಲೇ-ಇನ್ ಆಡಬೇಕು. ಹಾಗಾಗಿ ನನ್ನ ಅಂದಾಜು ಇದು: ಮೊದಲ ವಾರ ಒದ್ದಾಡುತ್ತಾರೆ, ಹೊಸ ತಂಡ, ಒಬ್ಬರಿಗೊಬ್ಬರು ಕೈ ಹಿಡಿದು ಸರಪಳಿ ಕಟ್ಟೋಕೇ ನಾಲ್ಕು ಪಂದ್ಯ ಬೇಕು. ಆಮೇಲೆ ಮೂಲೆಗಳು ಕೆಲಸ ಶುರು ಮಾಡುತ್ತವೆ. ಎಂಟರೊಳಗೆ ಬರುತ್ತಾರೆ. ಅದೃಷ್ಟ ಇದ್ದರೆ ಐದರೊಳಗೆ. ಕಪ್ಪು? ಇಲ್ಲ. ಕಪ್ ಗೆಲ್ಲೋಕೆ ಕೊನೆಯ ಐದು ನಿಮಿಷ ಒಬ್ಬನೇ ಎತ್ತಿಕೊಂಡು ಹೋಗುವವನು ಬೇಕು.

ಅಂಥವನು ಹೇಗಿರುತ್ತಾನೆ ಅನ್ನೋದನ್ನ ನಾವು ಒಂದು ಸಲ ನೋಡಿದ್ದೇವೆ. 2019ರ ಜನವರಿ 5, ಮುಂಬೈ. ಎದುರು ಗುಜರಾತ್. ಅರ್ಧ ಆಟಕ್ಕೆ ಗುಜರಾತ್ ಮುಂದಿತ್ತು. ನಮ್ಮೂರ ಗ್ರಂಥಾಲಯದ ಪಕ್ಕದ ಮನೆಯಲ್ಲಿ ಇಪ್ಪತ್ತು ಮೂವತ್ತು ಜನ ಒಂದೇ ಟಿವಿಗೆ ಕೂತಿದ್ದೆವು, ಅರ್ಧ ಜನ ಎದ್ದು ಹೋದರು. ಉಳಿದವರು ಪವನ್ ಸೆಹ್ರಾವತ್ ಆಟ ನೋಡಿದೆವು. ಒಬ್ಬನೇ 22 ಅಂಕ. 38-33. ಎದ್ದು ಹೋದವರಿಗೆ ನಾವು ಆ ಕಥೆಯನ್ನ ಒಂದು ವರ್ಷ ಹೇಳಿದೆವು. ಮುಂದಿನ ಸೀಸನ್ನಿನಲ್ಲಿ ಅದೇ ಪವನ್ ಹರಿಯಾಣದ ಮೇಲೆ ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ತಗೊಂಡ. 7, 8, 9 ಮೂರೂ ಸೀಸನ್ ಸೆಮಿಫೈನಲ್ ತನಕ ಹೋಗಿ ಸೋತೆವು. 10ರಲ್ಲಿ ಎಂಟನೇ ಸ್ಥಾನ, 11ರಲ್ಲಿ ಹನ್ನೆರಡು.

ನನ್ನ ಗೆಳೆಯ ಇದಕ್ಕೆ ಒಪ್ಪಲಿಲ್ಲ. ಅವನ ತಕರಾರು ಬೇರೆ. 'ಅಲ್ಲ ಕಣೋ, ಯೋಗೇಶ್ ಹರಿಯಾಣದೋನು, ಅಂಕುಶ್ ಅದೇ ಕಡೆಯೋನು, ಆಕಾಶ್ ಮಹಾರಾಷ್ಟ್ರದೋನು, ಇನ್ನೊಬ್ಬ ಇರಾನು. ನಮ್ಮೋರು ಅಂತ ಯಾರವ್ರೆ? ಹೆಸರು ಬೆಂಗಳೂರು ಅಂತ ಐತೆ ಅಂತ ನಾವ್ಯಾಕೆ ಗಂಟಲು ಹರ್ಕೋಬೇಕು?'

ಈ ಪ್ರಶ್ನೆಯನ್ನ ಹಾಗೇ ತಳ್ಳಿಹಾಕೋಕೆ ಆಗೋಲ್ಲ. ನಮ್ಮವರು ಇಲ್ಲವೇ ಇಲ್ಲ ಅಂತೇನಲ್ಲ. ಗಣೇಶ ಹನಮಂತಗೋಳ ರೈಡರ್ ಪಟ್ಟಿಯಲ್ಲಿದ್ದಾನೆ, ಸತ್ಯಪ್ಪ ಮಟ್ಟಿ ಹಿಡಿಯೋರ ಪಟ್ಟಿಯಲ್ಲಿದ್ದಾನೆ. ಹೆಸರು ಕೇಳಿದರೇ ಗೊತ್ತಾಗುತ್ತೆ. ಆದರೆ ಏಳು ಜನರಲ್ಲಿ ಇಳಿಸುತ್ತಾರಾ, ಬೆಂಚಿನಲ್ಲೇ ಕೂರಿಸುತ್ತಾರಾ? ಗಣೇಶನಿಗೆ ಕನಿಷ್ಠ ಮಾಡು ಇಲ್ಲವೇ ಮಡಿ ದಾಳಿಯನ್ನ ಒಪ್ಪಿಸಿ ನೋಡಲಿ ಅಂತ ನನ್ನ ಆಸೆ. ಅನುಭವದ ರೈಡರ್ ಇಲ್ಲ ಅಂದೆನಲ್ಲ, ಇಲ್ಲದ ಜಾಗದಲ್ಲೇ ಹೊಸಬನಿಗೆ ಅವಕಾಶ ಇರೋದು. ರಮೇಶ್ ಇದನ್ನ ಮಾಡಬಲ್ಲರು ಅನ್ನೋ ನಂಬಿಕೆ ನನಗಿದೆ, ಪುಣೆಯ ಹುಡುಗರನ್ನ ಅವರು ಹಾಗೇ ಬೆಳೆಸಿದ್ದು.

ಹರಿಯಾಣದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಊರುಗಳಲ್ಲಿ ಕಬಡ್ಡಿ ಆಡಿದರೆ ಕೆಲಸ ಸಿಗುತ್ತೆ ಅನ್ನೋದು ಮನೆಯವರಿಗೆ ಗೊತ್ತು, ಹಾಲು ತುಪ್ಪ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲೂ ಒಂದು ಕಾಲಕ್ಕೆ ಹಾಗಿತ್ತು. ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಅಂದರೆ ಕಬಡ್ಡಿಯವರಿಗೆ ಬರೀ ಬ್ಯಾಂಕ್ ಅಲ್ಲ, ತಂಡ. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಕೆಲಸ ಅನ್ನೋ ಆಸೆ ಇತ್ತು. 2017ರಲ್ಲಿ ಮೈಸೂರ್ ಬ್ಯಾಂಕ್ ಎಸ್‌ಬಿಐಗೆ ಸೇರಿಹೋಯಿತು, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ. ಪಾಸ್‌ಬುಕ್ ಬದಲಾದದ್ದು ಎಲ್ಲರಿಗೂ ನೆನಪಿದೆ. ಆಟಗಾರರ ಒಂದು ಬಾಗಿಲು ಹೋದದ್ದು ಯಾರಿಗೂ ನೆನಪಿಲ್ಲ.

ಹೋದ ತಿಂಗಳು ಹೊಳಲ್ಕೆರೆ ತಾಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿ ಟೂರ್ನಮೆಂಟ್ ಇತ್ತು. ನಾನು ಹೋದದ್ದು ಅಡಿಕೆ ತೋಟದ ಕೊಳೆ ರೋಗದ ಸುದ್ದಿಗೆ, ಉಳಿದದ್ದು ಕಬಡ್ಡಿಗೆ. ಕೆಮ್ಮಣ್ಣಿಗೆ ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಕಂಬಕ್ಕೆ ಲೈಟು ಕಟ್ಟಿದ್ದರು. ಮೊದಲ ಬಹುಮಾನ ನಗದು ಮತ್ತು ಒಂದು ಟಗರು. ಟಗರನ್ನ ಮೈದಾನದ ಪಕ್ಕವೇ ಕಟ್ಟಿದ್ದರು, ಪಾಪ ಅದು ಮೈಕ್‌ಸೆಟ್ಟಿನ ಸದ್ದಿಗೆ ಬೆಚ್ಚಿ ನಿಂತಿತ್ತು. ಅಲ್ಲಿ ಒಬ್ಬ ಹುಡುಗನ ಆಟ ನೋಡಿದೆ. ಹತ್ತೊಂಬತ್ತು ಇಪ್ಪತ್ತು ವಯಸ್ಸು, ಹಗಲು ಅಡಿಕೆ ಕೊಯ್ಲಿಗೆ ಹೋಗುವವನು. ಮರ ಹತ್ತಿ ಹತ್ತಿ ಅವನ ತೊಡೆ, ಹಿಮ್ಮಡಿ ಹೇಗಿದ್ದವು ಅಂದರೆ ಇಬ್ಬರು ಕಾಲು ಹಿಡಿದರೂ ಎಳಕೊಂಡು ಗೆರೆ ಮುಟ್ಟುತ್ತಿದ್ದ. ಬರಿಗಾಲು. ಒಂದೇ ಪಂದ್ಯದಲ್ಲಿ ಹದಿನೈದೋ ಹದಿನಾರೋ ಅಂಕ ತಗೊಂಡ, ಬರೆದುಕೊಳ್ಳುವವರೇ ಲೆಕ್ಕ ತಪ್ಪಿದರು.

ಆಟ ಮುಗಿದ ಮೇಲೆ ಮಾತಾಡಿಸಿದೆ. 'ಮ್ಯಾಟ್ ಮೇಲೆ ಆಡಿದ್ದೀಯೇನಪ್ಪ?' ಅಂದೆ. 'ಒಂದ್ಸಲ ಆಡಿದ್ದೆ ಅಣ್ಣ. ಶೂ ನಮ್ ಹುಡುಗುಂದು ಇಸ್ಕೊಂಡಿದ್ದೆ, ಜಾರಿ ಜಾರಿ ಬಿದ್ದೆ' ಅಂದ. ಟ್ರಯಲ್ಸ್‌ಗೆ ಹೋಗಿದ್ದೀಯಾ ಅಂದರೆ, 'ಆದ್ಮೇಲೆ ವಾಟ್ಸಾಪಲ್ಲಿ ಬತ್ತದೆ ಅಣ್ಣ' ಅಂತ ನಕ್ಕ.

ಮಣ್ಣಿಗೂ ಮ್ಯಾಟಿಗೂ ಇರುವ ವ್ಯತ್ಯಾಸ ಆಡಿದವರಿಗೇ ಗೊತ್ತು. ಮಣ್ಣಿನಲ್ಲಿ ಹೆಬ್ಬೆರಳು ಊರಿ ತಿರುಗುತ್ತೇವೆ. ಮ್ಯಾಟಿನಲ್ಲಿ ಶೂ ಹಾಕಿಕೊಂಡು ಹಾಗೆ ತಿರುಗಿದರೆ ಮೊಣಕಾಲೇ ತಿರುಗುತ್ತೆ. ನನ್ನ ಎಡ ಮೊಣಕಾಲು ಹೋದದ್ದು ಹಾಗೇ, ಡಿಪ್ಲೊಮಾ ಓದುವಾಗ ಕಾಲೇಜುಗಳ ಮಧ್ಯೆ ಆಡಿದ ಒಂದು ಪಂದ್ಯದಲ್ಲಿ. ಅದು ನನ್ನ ಜೀವನದ ಎರಡನೇ ಮ್ಯಾಟ್ ಪಂದ್ಯ. ಇವತ್ತಿಗೂ ಕೋಟೆಯ ಮೆಟ್ಟಿಲು ಇಳಿಯುವಾಗ ಅದು ಮಾತಾಡುತ್ತೆ. ಹದಿನೆಂಟಕ್ಕೆ ಮೊದಲ ಸಲ ಮ್ಯಾಟ್ ತುಳಿಯುವ ಹುಡುಗ ಎಂಟು ವರ್ಷಕ್ಕೇ ಅದರ ಮೇಲೆ ಬೆಳೆದವನ ಜೊತೆ ಪೈಪೋಟಿ ಮಾಡೋದು ಕಷ್ಟ. ನಮ್ಮ ಹೈಸ್ಕೂಲುಗಳ ಹೋಬಳಿ ಮಟ್ಟದ ಕ್ರೀಡಾಕೂಟ ಈ ತಿಂಗಳೇ ನಡೆಯುತ್ತಿದೆ, ಹೋಗಿ ನೋಡಿ. ಹೆಣ್ಣುಮಕ್ಕಳಂತೂ ಗಂಡುಹುಡುಗರಿಗಿಂತ ತಲೆ ಓಡಿಸಿ ಆಡುತ್ತಾರೆ. ಕಾರ್ಕಳದ ಕಡೆಯ ಮಮತಾ ಪೂಜಾರಿ ದೇಶದ ತಂಡಕ್ಕೆ ನಾಯಕಿಯಾಗಿ ವಿಶ್ವಕಪ್ ಗೆದ್ದು ಬಂದವರು. ಆದರೆ ಹೆಣ್ಣುಮಕ್ಕಳಿಗೆ ಇಂಥ ಲೀಗೇ ಇಲ್ಲ. 2016ರಲ್ಲಿ ಮೂರು ತಂಡ ಕಟ್ಟಿ ಒಂದು ಸಲ ಆಡಿಸಿದರು, ಅಲ್ಲಿಗೆ ಮುಗಿಯಿತು. ಅದು ಇನ್ನೊಂದು ಬರಹಕ್ಕೆ ಆಗುವಷ್ಟಿದೆ.

ಬುಲ್ಸ್ ಮೇಲೆ ನನ್ನ ದೊಡ್ಡ ಸಿಟ್ಟು ಇನ್ನೊಂದು. ಅದು ತಂಡದ ಮೇಲೋ ಲೀಗಿನವರ ಮೇಲೋ, ಪೂರ್ತಿ ಗೊತ್ತಿಲ್ಲ. ಈ ಸೀಸನ್ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ, ನಾಲ್ಕೇ ಊರಿನಲ್ಲಿ. ಹೋದ ಸಲ ಹೈದರಾಬಾದ್, ನೋಯ್ಡಾ, ಪುಣೆ. ಕಂಠೀರವ ಒಳಾಂಗಣದಲ್ಲಿ ಬುಲ್ಸ್ ಕೊನೆಗೆ ಆಡಿದ್ದು 2023ರ ಡಿಸೆಂಬರಿನಲ್ಲಿ. 2017ರಲ್ಲಂತೂ ನಮ್ಮ ತವರು ಪಂದ್ಯಗಳು ನಾಗಪುರದಲ್ಲಿ ನಡೆದವು. ಹೆಸರು ಬೆಂಗಳೂರು, ತವರು ನಾಗಪುರ! 2021-22ರಲ್ಲಿ ಇಡೀ ಸೀಸನ್ ಬೆಂಗಳೂರಿನಲ್ಲೇ ನಡೆಯಿತು, ಆದರೆ ಕೊರೊನಾ ಕಾಲ, ಹೋಟೆಲಿನೊಳಗೆ, ಜನರನ್ನ ಬಿಡಲಿಲ್ಲ. ಹಿರಿಯೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಂಗಳೂರು ಮೂರೂವರೆ ಗಂಟೆ. 2023ರಲ್ಲಿ ನಾವು ಐದು ಜನ ಹಾಗೇ ಹೋಗಿ ನೋಡಿ, ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿಂದು, ಬೆಳಗ್ಗೆ ವಾಪಸ್ ಬಂದು ಕೆಲಸಕ್ಕೆ ಹೋದೆವು. ವಿಶಾಖಪಟ್ಟಣಕ್ಕೆ ಯಾರು ಹೋಗುತ್ತಾರೆ?

ಆ ಅಡಿಕೆ ಹುಡುಗ ಒಂದು ಸಲ ಕಂಠೀರವದಲ್ಲಿ ಕೂತು ಅಂಕುಶ್ ರಾಠಿ ಹೇಗೆ ಕಾಲು ಹಿಡಿಯುತ್ತಾನೆ ಅನ್ನೋದನ್ನ ಹತ್ತು ಮಾರು ದೂರದಿಂದ ನೋಡಿದರೆ ಆಗುವ ಕಲಿಕೆ ಮೊಬೈಲ್‌ನಲ್ಲಿ ನೂರು ಸಲ ನೋಡಿದರೂ ಆಗೋಲ್ಲ. ಬೆಂಗಳೂರಿನಲ್ಲಿ ಜಾಗ ಸಿಗದಿದ್ದರೆ ಹುಬ್ಬಳ್ಳಿ ಇಲ್ಲವೇ, ಮೈಸೂರು ಇಲ್ಲವೇ, ಮಂಗಳೂರು ಇಲ್ಲವೇ? ಒಂದು ವಾರ ಸಾಕು. ಟ್ರಯಲ್ಸ್ ಅನ್ನೋದನ್ನ ಜಿಲ್ಲಾ ಕೇಂದ್ರದ ತನಕ ತರಲಿ, ಹದಿನೈದು ದಿನ ಮೊದಲೇ ಪತ್ರಿಕೆಗೆ ಕೊಡಲಿ. ನಮ್ಮಂಥ ವರದಿಗಾರರು ದುಡ್ಡಿಲ್ಲದೆ ಹಾಕುತ್ತೇವೆ. ಬುಲ್ಸ್ ತಂಡದಲ್ಲಿ ಹರಿಯಾಣದವರು ಹತ್ತು ಜನ ಇರಲಿ, ನನಗೆ ತಕರಾರಿಲ್ಲ. ನಮ್ಮ ಹುಡುಗನಿಗೆ ಬಾಗಿಲು ಎಲ್ಲಿದೆ ಅಂತ ಗೊತ್ತಿರಲಿ, ಅಷ್ಟೇ.

ಇದನ್ನೆಲ್ಲ ಹೇಳಿದ ಮೇಲೆ ಗೆಳೆಯ ಸುಮ್ಮನಾದ ಅಂದುಕೊಂಡೆ. 'ಎಂಟರೊಳಗೆ ಬರಲ್ಲ, ಬರೆದಿಟ್ಕೋ' ಅಂದ. ಸರಿ, ಬರೆದಿದ್ದೇನೆ, ಇಗೋ ಎಲ್ಲರ ಎದುರಿಗೇ. ಬುಲ್ಸ್ ಎಂಟರೊಳಗೆ ಬಂದರೆ ಅವನು ಇಡೀ ಹಳೇ ತಂಡಕ್ಕೆ ಮಂಡಕ್ಕಿ-ಮೆಣಸಿನಕಾಯಿ ಕೊಡಿಸಬೇಕು. ಬರದಿದ್ದರೆ ನಾನು. ಅಂಕುಶ್ ರಾಠಿ 50 ಟ್ಯಾಕಲ್ ಅಂಕ ದಾಟಿದರೆ ಮೇಲೆ ಒಂದೊಂದು ಟೀ, ಇದು ನಾನೇ ಸೇರಿಸಿದ ಷರತ್ತು, ಅವನು ಇನ್ನೂ ಒಪ್ಪಿಲ್ಲ.

ಮೊದಲ ಪಂದ್ಯವೇ ಗಟ್ಟಿ. ಪುಣೇರಿ ರಮೇಶ್ ಅವರೇ ಕಟ್ಟಿದ ತಂಡ, ಅವರ ಹಳೇ ಹುಡುಗರು. ಅಲ್ಲಿ ಈಗ ಕೋಚ್ ಆಗಿರುವ ಅಜಯ್ ಠಾಕೂರ್ ಒಂದು ಕಾಲಕ್ಕೆ ನಮ್ಮ ಬುಲ್ಸ್ ರೈಡರ್. ಕೊನೆಯ ತನಕ ಹತ್ತಿರ ಹತ್ತಿರ ಹೋಗುತ್ತೆ ಅಂತ ನನ್ನ ಎಣಿಕೆ. ಟೈ ಬ್ರೇಕರಿಗೆ ಹೋದರೆ ನನ್ನ ಕೈ ತಣ್ಣಗಾಗುತ್ತೆ. ಶುಕ್ರವಾರ ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಟಿವಿ ಇಡುತ್ತೇವೆ ಅಂತ ಹುಡುಗರು ಹೇಳಿದ್ದಾರೆ. ರಾತ್ರಿ ಒಂಬತ್ತರ ಹೊತ್ತಿಗೆ ಮಹಾಮಂಗಳಾರತಿ ಮುಗಿಸಿಕೊಡಿ ಅಂತ ಪೂಜಾರಪ್ಪನವರನ್ನ ಕೇಳಿದ್ದೇನೆ. 'ನೋಡಾಣ ಬಿಡಪ್ಪ' ಅಂದಿದ್ದಾರೆ.